ಗದ್ದಲದಲ್ಲಿ ಕೇಳಿದ ಪಿಸುಮಾತು: ನಂಬುವುದು ಹೇಗೆ?

ರೇಡಿಯೋದಲ್ಲಿ ಹಾಡು ಕೇಳುತ್ತಿರುವಾಗ ನಡುವೆ ಗರಗರ ಸದ್ದೆದ್ದು ಒಂದೆರಡು ಮಾತುಗಳನ್ನು ನುಂಗಿದರೆ ಮನೆಯವರಾರೂ ಅದಕ್ಕಾಗಿ ಚಿಂತಿಸುವುದಿಲ್ಲ. ಮೊದಲೇ ಕೇಳಿದ ಹಾಡಾದರೆ ನೆನಪು ತಾನಾಗಿ ಆ ಮಾತನ್ನು ತುಂಬಿಕೊಡುತ್ತದೆ. ಹೊಸ ಹಾಡಾದರೆ ರಾಗ ತಾಳಗಳು ಕೇಳುವವರನ್ನು ಕೈಹಿಡಿದು ಮುಂದಕ್ಕೆ ಒಯ್ಯುತ್ತವೆ. ಆದರೆ ನೆರೆಹಾವಳಿಗೆ ಸಿಕ್ಕಿದ ಊರೊಂದರಿಂದ, ಅದೇ ರೇಡಿಯೋ ಅಲೆಗಳ ಮೇಲೆ, “ಎಪ್ಪತ್ತು ಮಂದಿಗೆ ಔಷಧ ಬೇಕು” ಎಂಬ ಸುದ್ದಿ ಬರುತ್ತಿರುವ ಗಳಿಗೆಯಲ್ಲಿ ಆ ಗರಗರ ಎದ್ದಿತೆನ್ನಿ. ಕೇಳುವವನ ಕಿವಿಗೆ ಅದು “ಎಂಬತ್ತು” ಎಂದೂ ಬಿದ್ದೀತು, “ಹದಿನೇಳು” ಎಂದೂ ಬಿದ್ದೀತು. ಇಲ್ಲಿ ನೆನಪು ನೆರವಿಗೆ ಬಾರದು. ಊಹೆಯನ್ನು ನಂಬಿದರೆ ಕೆಲಸ ಕೆಡುತ್ತದೆ. ಏನೂ ಕೇಳಿಸದಿದ್ದರೆ ಮತ್ತೊಮ್ಮೆ ಕೇಳಿಕೊಳ್ಳಬಹುದು. ತಪ್ಪಾಗಿ ಕೇಳಿಸಿಕೊಂಡು ಸರಿಯೆಂದು ತಿಳಿದವನು ಮತ್ತೆ ಕೇಳುವುದೇ ಇಲ್ಲ.

ಆಕಾಶಮಾರ್ಗವಾಗಿ ಬಂದ ಮಾತನ್ನು ನಂಬುವುದು ಹೇಗೆ ಎಂಬ ಈ ಪ್ರಶ್ನೆಯನ್ನು ನೂರು ವರ್ಷಗಳಿಗೂ ಮೇಲ್ಪಟ್ಟು ಬಿಡದೆ ಹಿಡಿದು ಬಂದವರಲ್ಲಿ ಹವ್ಯಾಸಿ ರೇಡಿಯೋ ಬಳಗದವರು ಮುಖ್ಯರು. ಜನ ಇವರನ್ನು ‘ಹ್ಯಾಮ್’ಗಳೆಂದು ಕರೆಯುತ್ತಾರೆ. ಸರ್ಕಾರ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪರವಾನಗಿ ಪಡೆದು, ತಮ್ಮ ಮನೆಯಲ್ಲಿಯೇ ಪುಟ್ಟ ನಿಸ್ತಂತು ನಿಲಯವನ್ನಿಟ್ಟುಕೊಂಡು ದೇಶವಿದೇಶಗಳ ಸಹ ಹವ್ಯಾಸಿಗಳೊಡನೆ ಸಂಭಾಷಿಸುವವರು ಇವರು. ಪ್ರತಿಯೊಬ್ಬರಿಗೂ ಒಂದು ಕರೆ ಸಂಕೇತ ಉಂಟು. ಭಾರತದವರದು ಸಾಮಾನ್ಯವಾಗಿ ‘ವಿಯು’ ಎಂಬ ಅಕ್ಷರಗಳಿಂದ ಮೊದಲಾಗುತ್ತದೆ. ಈ ಹವ್ಯಾಸದಿಂದ ಹಣ ಸಂಪಾದಿಸುವಂತಿಲ್ಲ. ಮಾತಿನ ಅರ್ಥವನ್ನು ಮರೆಮಾಡುವ ಗುಪ್ತಲಿಪಿಯನ್ನು ಬಳಸುವಂತಿಲ್ಲ. ಬೆಂಗಳೂರಿನ ಹವ್ಯಾಸಿಗಳ ಸಂಘವು 1959ರಷ್ಟು ಹಿಂದೆಯೇ ಸ್ಥಾಪಿತವಾಯಿತು.

ಇವರು ಇಂದು ಬಾಯಿಂದ ಮಾತನಾಡುವುದು ಮಾತ್ರವಲ್ಲದೆ, ಗಣಕಯಂತ್ರವನ್ನು ರೇಡಿಯೋಗೆ ಜೋಡಿಸಿ, ಮಾತನ್ನು ಅಂಕಿಗಳಾಗಿ ಒಡೆದು ಕಳುಹಿಸುತ್ತಾರೆ. ಅದಕ್ಕೆ ಡಿಜಿಟಲ್ ವಿಧಾನವೆಂದು ಹೆಸರು. ಕಿವಿಗೆ ಕೇಳಿಸದಷ್ಟು ಕ್ಷೀಣವಾದ ಅಲೆಯಿಂದಲೂ ಈ ವಿಧಾನಗಳು ಮಾತನ್ನು ಹೆಕ್ಕಿ ತೆಗೆಯುತ್ತವೆ ಎಂಬ ಖ್ಯಾತಿ ಇದೆ. ಕೇಳಿಸದುದನ್ನು ಕೇಳಿಸಿತೆಂದು ಯಂತ್ರ ಹೇಳಿದರೆ ನಂಬುವುದೆಂತು ಎಂಬ ಸಂದೇಹವೂ ಅದರ ಬೆನ್ನಿಗೇ ಇದೆ. ಖ್ಯಾತಿ ಸಂದೇಹಗಳೆರಡಕ್ಕೂ ಆಧಾರವುಂಟು.

ಮೂರು ಚುಕ್ಕೆಗಳ ಕಥೆ

ಈ ಸಂದೇಹ ನಿಸ್ತಂತುವಿನಷ್ಟೇ ಹಳೆಯದು. 1901ರ ಡಿಸೆಂಬರ್ 12ರಂದು ಇಟಲಿಯ ಮಾರ್ಕೋನಿಯು ಅಟ್ಲಾಂಟಿಕ್ ಸಾಗರದ ಪಶ್ಚಿಮ ತಡಿಯ ನ್ಯೂಫೌಂಡ್‌ಲ್ಯಾಂಡಿನಲ್ಲಿ, ಗಾಳಿಪಟದಿಂದ ತೂಗುಬಿಟ್ಟ ತಂತಿಯ ತುದಿಗೆ ಶ್ರವಣಿಯನ್ನು ಜೋಡಿಸಿಕೊಂಡು ಕುಳಿತನು. ಸಾಗರದ ಆಚೆ ಇಂಗ್ಲೆಂಡಿನ ಪೋಲ್ಡುವಿನಿಂದ ಮೋರ್ಸ್ ಲಿಪಿಯ ‘ಎಸ್’ ಅಕ್ಷರ, ಎಂದರೆ ಮೂರು ಚುಕ್ಕೆಗಳು, ಪ್ರಸಾರವಾಗುತ್ತಿದ್ದವು. ಆ ಮೂರು ಚುಕ್ಕೆಗಳು ತನಗೆ ಕೇಳಿಸಿದವೆಂದು ಮಾರ್ಕೋನಿ ಸಾರಿದನು. ಆತನ ಸಹಾಯಕನೂ ಹೌದೆಂದನು. ಆದರೆ ಅವರಿಬ್ಬರ ಕಿವಿಗಳ ಹೊರತು ಬೇರೆ ಸಾಕ್ಷಿಯಿರಲಿಲ್ಲ. ಮಿಂಚಿನಿಂದಲೂ ಗಾಳಿಯ ವಿದ್ಯುತ್ತಿನಿಂದಲೂ ಟಕಟಕ ಸದ್ದು ಏಳುತ್ತದೆ. ಮೂರು ಚುಕ್ಕೆಗಳನ್ನೇ ನಿರೀಕ್ಷಿಸುತ್ತಿದ್ದವನಿಗೆ ಅವು ಮೂರು ಚುಕ್ಕೆಗಳಂತೆಯೇ ತೋರಿರಬಾರದೇಕೆ ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಮಾರ್ಕೋನಿಯೂ ಈ ಕೊರತೆಯನ್ನು ಅರಿತಿದ್ದನು. 1902ರ ಫೆಬ್ರವರಿಯಲ್ಲಿ ‘ಫಿಲಡೆಲ್ಫಿಯ’ ಎಂಬ ಹಡಗಿನಲ್ಲಿ ಪ್ರಯಾಣ ಮಾಡುವಾಗ ಸಂಕೇತಗಳು ಕಾಗದದ ಪಟ್ಟಿಯ ಮೇಲೆ ತಾವಾಗಿ ಗುರುತು ಮೂಡಿಸುವಂತೆ ಏರ್ಪಡಿಸಿದನು. ಕಿವಿ ಹೇಳಿದ್ದನ್ನು ಕಾಗದ ಸಮರ್ಥಿಸಿತು.

ಹವ್ಯಾಸಿಗಳು ಸಾಗರವನ್ನು ದಾಟಿದ್ದು 1921ರ ಡಿಸೆಂಬರಿನಲ್ಲಿ. ಅಮೆರಿಕದ ಹವ್ಯಾಸಿಗಳು ಪಾಲ್ ಗಾಡ್ಲಿ ಎಂಬ ತಮ್ಮವನನ್ನು ಸ್ಕಾಟ್ಲೆಂಡಿನ ಆರ್ಡ್ರಾಸನ್ ಎಂಬ ಕಡಲತೀರಕ್ಕೆ ಕಳುಹಿಸಿದರು. ಅಲ್ಲಿ ಗುಡಾರ ಹೂಡಿ ಕುಳಿತ ಆತ, ಅಮೆರಿಕದ ಕನೆಕ್ಟಿಕಟ್ ಪ್ರಾಂತದ ಹವ್ಯಾಸಿ ನಿಲಯವೊಂದರಿಂದ ಬಂದ ಮೋರ್ಸ್ ಸಂದೇಶವನ್ನು ಬರೆದುಕೊಂಡನು. ಒಂದೇ ಅಕ್ಷರವಲ್ಲ, ಇಡಿಯ ಸಂದೇಶ. ಚುಕ್ಕೆಗಳನ್ನು ಊಹಿಸಿಕೊಳ್ಳಬಹುದು, ಗೊತ್ತಿಲ್ಲದ ಸಂದೇಶವನ್ನು ಪೂರ್ಣವಾಗಿ ಊಹಿಸಿಕೊಳ್ಳಲಾಗದು. ಮುನ್ನ ಗೊತ್ತಿರದುದನ್ನು ಸರಿಯಾಗಿ ತಿಳಿಸಿದರೆ ಮಾತ್ರ ಸಂದೇಶ ತಲಪಿತೆಂದು ಹೇಳಬಹುದು ಎಂಬ ನಿಯಮ ಆಗಲೇ ಬೇರೂರಿತು.

ಅಚ್ಚಾದ ತಪ್ಪು

ಎರಡನೆಯ ಮಹಾಯುದ್ಧದ ತರುವಾಯ ಹಳೆಯ ಟೆಲಿಪ್ರಿಂಟರ್ ಯಂತ್ರಗಳು ಹವ್ಯಾಸಿಗಳ ಕೈಸೇರಿದವು. ಇಲ್ಲಿ ಬೆರಳಚ್ಚು ಒತ್ತಿದರೆ ಅಲ್ಲಿ ಕಾಗದದ ಮೇಲೆ ಅಕ್ಷರ ಅಚ್ಚಾಗುತ್ತಿತ್ತು. ಐದು ಸ್ಪಂದನಗಳ ಒಂದು ಗುಂಪು ಒಂದು ಅಕ್ಷರಕ್ಕೆ. ಐದು ಸ್ಪಂದನಗಳಿಂದ ದೊರೆಯುವುದು 32 ಗುಂಪುಗಳು ಮಾತ್ರ. ಅಕ್ಷರಗಳಿಗೂ ಅಂಕಿಗಳಿಗೂ ಅಷ್ಟು ಸಾಲದು. ಆದ್ದರಿಂದ “ಇಲ್ಲಿಂದ ಮುಂದೆ ಅಂಕಿ”, “ಇಲ್ಲಿಂದ ಮುಂದೆ ಅಕ್ಷರ” ಎಂದು ಸೂಚಿಸುವ ಎರಡು ಗುಂಪುಗಳನ್ನಿಟ್ಟು, ಉಳಿದವುಗಳಿಗೆ ಎರಡೆರಡು ಅರ್ಥ ಕೊಟ್ಟರು.

ಇದರ ಫಲ ಮೋಜಿನದು. ಹವ್ಯಾಸಿಗಳು ಒಬ್ಬರ ಸಂಕೇತ ಇನ್ನೊಬ್ಬರಿಗೆ ಎಷ್ಟು ಚೆನ್ನಾಗಿ ಕೇಳಿಸಿತೆಂಬುದನ್ನು 599 ಎಂಬಂತಹ ಅಂಕಿಗಳಿಂದ ತಿಳಿಸುವುದು ರೂಢಿ: ಸ್ಪಷ್ಟತೆಗೆ 5, ಬಲಕ್ಕೆ 9, ನಾದಕ್ಕೆ 9. ಇದು ಅತ್ಯುತ್ತಮ ದರ್ಜೆ. ಆದರೆ “ಇಲ್ಲಿಂದ ಮುಂದೆ ಅಂಕಿ” ಎಂಬ ಸೂಚನೆ ಗದ್ದಲದಲ್ಲಿ ಕಳೆದುಹೋದರೆ ಕಾಗದದ ಮೇಲೆ 599ರ ಬದಲು ‘ಟಿ, ಓ, ಓ’ ಎಂಬ ಮೂರು ಇಂಗ್ಲಿಷ್ ಅಕ್ಷರಗಳು ಅಚ್ಚಾಗುತ್ತಿದ್ದವು. ನುರಿತ ಹವ್ಯಾಸಿ ಅದನ್ನು ಕಂಡೊಡನೆ ನಕ್ಕು 599 ಎಂದು ಓದಿಕೊಳ್ಳುತ್ತಿದ್ದನು. ಹೊಸಬನಿಗೆ ಅದು ಏನೆಂದೇ ತಿಳಿಯುತ್ತಿರಲಿಲ್ಲ. ಯಂತ್ರ ಮಾತ್ರ ಯಾವ ಅಳುಕೂ ಇಲ್ಲದೆ, ಸರಿಯಾದ ಅಕ್ಷರವನ್ನು ಎಷ್ಟು ಅಚ್ಚುಕಟ್ಟಾಗಿ ಮುದ್ರಿಸುತ್ತಿತ್ತೋ ತಪ್ಪು ಅಕ್ಷರವನ್ನೂ ಅಷ್ಟೇ ಅಚ್ಚುಕಟ್ಟಾಗಿ ಮುದ್ರಿಸುತ್ತಿತ್ತು. ಮುದ್ರಾರಾಕ್ಷಸನ ಹಾವಳಿಯನ್ನು ಬಲ್ಲ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಚ್ಚಿನಲ್ಲಿ ಬಂದುದೆಲ್ಲ ಸರಿಯೆಂದು ತೋರುವುದರಿಂದಲೇ ಅಚ್ಚಿನ ತಪ್ಪಿಗೆ ಅಪಾಯ ಹೆಚ್ಚು.

ಲೆಕ್ಕದ ಚೀಟಿ ಕಲಿಸುವ ಪಾಠ

ಯಂತ್ರಕ್ಕೆ ತನ್ನ ತಪ್ಪು ತನಗೇ ತಿಳಿಯುವಂತೆ ಮಾಡಲಾದೀತೆ? ದಿನಸಿ ಅಂಗಡಿಯ ಚೀಟಿಯನ್ನು ನೋಡಿದವರಿಗೆ ಉತ್ತರ ಹೊಳೆಯಬಹುದು. ಅಕ್ಕಿ 320, ಬೇಳೆ 180, ಎಣ್ಣೆ 150, ಒಟ್ಟು 650 ರೂಪಾಯಿ ಎಂದು ಚೀಟಿಯಲ್ಲಿ ಬರೆದಿದೆ. ಎಣ್ಣೆಯ ಅಂಕಿಯ ಮೇಲೆಯೇ ಎಣ್ಣೆ ಬಿದ್ದು ಅದು ಅಳಿಸಿಹೋಯಿತು. ಗೃಹಿಣಿ ಗಾಬರಿಯಾಗುವುದಿಲ್ಲ, ಒಟ್ಟು ಮೊತ್ತದಿಂದ ಉಳಿದೆರಡನ್ನು ಕಳೆದು 150 ಎಂದು ತಿಳಿದುಕೊಳ್ಳುತ್ತಾಳೆ. ‘ಒಟ್ಟು’ ಎಂಬ ಸಾಲು ಹೊಸ ಸಾಮಾನನ್ನೇನೂ ತಿಳಿಸುವುದಿಲ್ಲ, ಮೇಲಿನ ಸಾಲುಗಳನ್ನು ಕಾಯುತ್ತದೆ.

ಅಂಕಿ ಅಳಿಸದೆ ತಪ್ಪಾಗಿ ಬಿದ್ದಿದ್ದರೆ? ಅಕ್ಕಿಗೆ 320ರ ಬದಲು 350 ಎಂದಿದ್ದರೆ ಮೊತ್ತ ತಾಳೆಯಾಗುವುದಿಲ್ಲ. ತಪ್ಪು ಇದೆಯೆಂಬುದು ತಿಳಿಯಿತು, ಎಲ್ಲಿದೆಯೆಂಬುದು ತಿಳಿಯಲಿಲ್ಲ. ತಿಂಗಳ ಖರ್ಚನ್ನು ಅಡ್ಡ ಸಾಲು ಉದ್ದ ಸಾಲುಗಳ ಕೋಷ್ಟಕವಾಗಿ ಬರೆದು, ಪ್ರತಿ ಅಡ್ಡ ಸಾಲಿಗೂ ಪ್ರತಿ ಉದ್ದ ಸಾಲಿಗೂ ಮೊತ್ತ ಹಾಕಿದ್ದರೆ ಅದೂ ತಿಳಿಯುತ್ತದೆ. ಒಂದು ಅಂಕಿ ತಪ್ಪಿದ್ದರೆ ಒಂದು ಅಡ್ಡ ಮೊತ್ತವೂ ಒಂದು ಉದ್ದ ಮೊತ್ತವೂ ಕೈಕೊಡುತ್ತವೆ. ಅವೆರಡು ಸಾಲುಗಳು ಕೂಡುವ ಮನೆಯೇ ತಪ್ಪಿನ ಮನೆ. ಆಮೇಲೆ ಅದನ್ನು ತಿದ್ದುವುದು ಸುಲಭ.

ಕನ್ನಡ ಕಾವ್ಯದ ತಾಳೆಯೋಲೆಗಳನ್ನು ಪರಿಷ್ಕರಿಸಿದ ಪಂಡಿತರು ಬಳಸಿದ ಉಪಾಯವೂ ಇದರ ಬಂಧುವೇ. ಭಾಮಿನಿ ಷಟ್ಪದಿಯ ಸಾಲಿನಲ್ಲಿ ಇಷ್ಟೇ ಮಾತ್ರೆಗಳಿರಬೇಕು, ಎರಡನೆಯ ಅಕ್ಷರ ಪ್ರಾಸಕ್ಕೆ ಹೊಂದಬೇಕು. ಲಿಪಿಕಾರನು ಕೈತಪ್ಪಿ ಒಂದಕ್ಷರ ಬಿಟ್ಟರೆ ಮಾತ್ರೆಯ ಲೆಕ್ಕ ಹೇಳಿಕೊಡುತ್ತದೆ. ಎರಡನೆಯ ಅಕ್ಷರ ಬದಲಾದರೆ ಪ್ರಾಸ ಕೂಗಿ ಹೇಳುತ್ತದೆ. ಛಂದಸ್ಸು ಕಿವಿಗೆ ಇಂಪು ಮಾತ್ರವಲ್ಲ, ಪಾಠಕ್ಕೆ ಕಾವಲೂ ಹೌದು.

ಇದನ್ನು ಶಾಸ್ತ್ರವಾಗಿ ರೂಪಿಸಿದವರು ಅಮೆರಿಕದ ಬೆಲ್ ಪ್ರಯೋಗಾಲಯದ ಇಬ್ಬರು ಗಣಿತಜ್ಞರು. 1948ರಲ್ಲಿ ಕ್ಲಾಡ್ ಶ್ಯಾನನ್ ಒಂದು ಸೋಜಿಗದ ಸತ್ಯವನ್ನು ಸಾಧಿಸಿ ತೋರಿಸಿದನು. ಗದ್ದಲವಿರುವ ಮಾರ್ಗದಲ್ಲಿ ತಪ್ಪುಗಳು ಅನಿವಾರ್ಯವೆಂದೇ ಅಲ್ಲಿಯವರೆಗಿನ ಭಾವನೆ. ಗದ್ದಲವು ಮಾತಿನ ವೇಗಕ್ಕೆ ಮಿತಿ ಹಾಕುತ್ತದೆಯೇ ಹೊರತು ಅದರ ಖಚಿತತೆಗಲ್ಲ. ಆ ಮಿತಿಯೊಳಗೆ ನಿಧಾನವಾಗಿ, ತಕ್ಕ ಕಟ್ಟುಪಾಡಿನಿಂದ ಕಳುಹಿಸಿದರೆ ತಪ್ಪನ್ನು ಬೇಕಾದಷ್ಟು ಕಡಮೆ ಮಾಡಬಹುದು ಎಂದು ಶ್ಯಾನನ್ ತೋರಿಸಿದನು. ಅಂತಹ ಕಟ್ಟುಪಾಡೊಂದನ್ನು 1950ರಲ್ಲಿ ರಿಚರ್ಡ್ ಹ್ಯಾಮಿಂಗ್ ಪ್ರಕಟಿಸಿದನು. ವಾರದ ಕೊನೆಗೆ ಅವನು ಗಣಕಯಂತ್ರಕ್ಕೆ ಒಪ್ಪಿಸಿ ಹೋದ ಲೆಕ್ಕವನ್ನು ಯಂತ್ರವು ತಪ್ಪು ಕಂಡೊಡನೆ ಅಲ್ಲಿಗೇ ಕೈಬಿಡುತ್ತಿತ್ತು. ತಪ್ಪಾಯಿತೆಂದು ತಿಳಿಯಬಲ್ಲ ಯಂತ್ರ ಎಲ್ಲಿ ತಪ್ಪಾಯಿತೆಂದು ತಿಳಿದು ತಿದ್ದಿಕೊಳ್ಳಬಾರದೇಕೆ ಎಂಬ ಬೇಸರದ ಪ್ರಶ್ನೆಯಿಂದಲೇ ಅವನ ಶೋಧ ಹುಟ್ಟಿತು.

ಮತ್ತೆ ಕೇಳುವುದೋ, ಮೊದಲೇ ಕಾಯುವುದೋ

ಹವ್ಯಾಸಿಗಳು ಎರಡು ದಾರಿಗಳನ್ನೂ ತುಳಿದರು. ತಪ್ಪು ಕಂಡಾಗ ಇನ್ನೊಮ್ಮೆ ಹೇಳೆಂದು ಕೇಳುವುದು ಮೊದಲನೆಯ ದಾರಿ. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಹವ್ಯಾಸಿ ಪೀಟರ್ ಮಾರ್ಟಿನೆಜ್, ಹಡಗುಗಳು ಬಳಸುತ್ತಿದ್ದ ಪದ್ಧತಿಯೊಂದನ್ನು ತನ್ನ ಬಳಗಕ್ಕೆ ಅಳವಡಿಸಿದನು. ಅದರಲ್ಲಿ ಪ್ರತಿ ಅಕ್ಷರಕ್ಕೂ ಏಳು ಸ್ಪಂದನಗಳು. ಅವುಗಳಲ್ಲಿ ಒಂದು ಬಗೆಯವು ನಾಲ್ಕು, ಇನ್ನೊಂದು ಬಗೆಯವು ಮೂರು ಇರಲೇಬೇಕು. ಇಂತಹ ಗುಂಪುಗಳು ಒಟ್ಟು 35 ಮಾತ್ರ. ಎಣಿಕೆ ತಪ್ಪಿದ ಗುಂಪು ಬಂದರೆ ಗ್ರಾಹಕ ಯಂತ್ರ ಅದನ್ನು ಅಚ್ಚುಮಾಡದೆ “ಮತ್ತೊಮ್ಮೆ” ಎಂದು ಕೇಳುತ್ತದೆ. ಮೂರು ಮೂರು ಅಕ್ಷರಗಳಿಗೊಮ್ಮೆ ಈ ವಿಚಾರಣೆ. 1978ರಲ್ಲಿ ಕೆನಡದ ಮಾಂಟ್ರಿಯಲ್ ಹವ್ಯಾಸಿಗಳು ಆರಂಭಿಸಿದ ‘ಪ್ಯಾಕೆಟ್’ ಪದ್ಧತಿಯು ಸಂದೇಶವನ್ನು ಪೊಟ್ಟಣಗಳಾಗಿ ಕಟ್ಟಿ, ಪ್ರತಿ ಪೊಟ್ಟಣದ ಕೊನೆಗೂ ಲೆಕ್ಕದ ಚೀಟಿಯ ‘ಒಟ್ಟು’ವಿನಂತಹ ಒಂದು ತಾಳೆಯ ಸಂಖ್ಯೆಯನ್ನಿಡುವ ಮಾರ್ಗ ಹಿಡಿಯಿತು.

ಈ ದಾರಿಯಲ್ಲಿ ಒಂದು ತೊಡಕುಂಟು. ಮತ್ತೆ ಕೇಳಬೇಕಾದರೆ ಕೇಳುವ ದನಿಯೂ ಆ ಕಡೆಗೆ ತಲಪಬೇಕು. ಗದ್ದಲ ವಿಪರೀತವಾದಾಗ ಯಂತ್ರಗಳೆರಡೂ “ಮತ್ತೊಮ್ಮೆ, ಮತ್ತೊಮ್ಮೆ” ಎನ್ನುತ್ತ ನಿಂತಲ್ಲೇ ನಿಲ್ಲುತ್ತವೆ. ಸುಳ್ಳು ಹೇಳುವುದಿಲ್ಲ, ಆದರೆ ಕೆಲಸವೂ ಸಾಗುವುದಿಲ್ಲ.

ಎಲ್ಲರಿಗೂ ಇಷ್ಟು ಕಟ್ಟುನಿಟ್ಟು ಬೇಕಾಗಿಲ್ಲ. ಅದೇ ಮಾರ್ಟಿನೆಜ್ 1998ರಲ್ಲಿ ‘ಪಿಎಸ್‌ಕೆ-31’ ಎಂಬ ಇನ್ನೊಂದು ವಿಧಾನವನ್ನು ಹೊರತಂದನು. ಕಾಲಕ್ಷೇಪದ ಮಾತುಕತೆಗೆಂದೇ ರಚಿಸಿದ ಅದರ ಸಾಮಾನ್ಯ ರೂಪದಲ್ಲಿ ತಪ್ಪು ತಿದ್ದುವ ಏರ್ಪಾಟಿಲ್ಲ. ಅಲೆ ಕ್ಷೀಣಿಸಿದಾಗ ಅಕ್ಷರಗಳು ಅಲ್ಲಲ್ಲಿ ಕೆಡುತ್ತವೆ. ಓದುವವನು ಸಂದರ್ಭ ನೋಡಿ ತಿದ್ದಿಕೊಳ್ಳುತ್ತಾನೆ. ಕ್ಷೇಮಸಮಾಚಾರಕ್ಕೆ ಇದು ಧಾರಾಳ ಸಾಕು, ಔಷಧದ ಪಟ್ಟಿಗೆ ಸಾಲದು.

ಮತ್ತೆ ಕೇಳುವ ಅವಕಾಶವೇ ಇಲ್ಲವೆಂದು ಭಾವಿಸಿ, ಕಳುಹಿಸುವಾಗಲೇ ಸಂದೇಶಕ್ಕೆ ಬೇಕಾದಷ್ಟು ಕಾವಲು ಕೊಡುವುದು ಎರಡನೆಯ ದಾರಿ. ಈ ದಾರಿಯಲ್ಲಿ ಬಹುದೂರ ನಡೆದವನು ನಕ್ಷತ್ರಗಳ ಪಿಸುಮಾತನ್ನು ಕೇಳಿ ಅಭ್ಯಾಸವಿದ್ದ ಒಬ್ಬ ವಿಜ್ಞಾನಿ.

ನಕ್ಷತ್ರದಿಂದ ಹವ್ಯಾಸಕ್ಕೆ

ಜೋಸೆಫ್ ಟೇಲರ್ ಅಮೆರಿಕದ ಖಗೋಳ ವಿಜ್ಞಾನಿ, ಬಾಲ್ಯದಿಂದ ಹವ್ಯಾಸಿ ರೇಡಿಯೋ ಬಳಗದವನು. 1974ರಲ್ಲಿ ತನ್ನ ಶಿಷ್ಯ ರಸಲ್ ಹಲ್ಸ್‌ನೊಡನೆ ಸೇರಿ, ಪೋರ್ಟೊರಿಕೊದ ಅರೆಸಿಬೊ ದೂರದರ್ಶಕದ ನೆರವಿನಿಂದ, ಇನ್ನೊಂದು ತಾರೆಯೊಡನೆ ಜೋಡಿಯಾಗಿ ಸುತ್ತುವ ಪಲ್ಸಾರ್ ಒಂದನ್ನು ಕಂಡುಹಿಡಿದನು. ಆ ಶೋಧಕ್ಕೆ ಇಬ್ಬರಿಗೂ 1993ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಸಂದಿತು. ಸಾವಿರಾರು ಜ್ಯೋತಿರ್ವರ್ಷ ದೂರದಿಂದ ಬರುವ ಸ್ಪಂದನಗಳನ್ನು ಗದ್ದಲದಿಂದ ಬೇರ್ಪಡಿಸುವ ಗಣಿತವನ್ನೇ ಟೇಲರ್ ತನ್ನ ಹವ್ಯಾಸಕ್ಕೂ ತಂದನು. 2001ರಲ್ಲಿ ಉಲ್ಕೆಗಳ ಬಾಲದಿಂದ ಪ್ರತಿಫಲಿಸುವ ಕ್ಷಣಮಾತ್ರದ ಅಲೆಗಳಿಗೆ ಒಂದು ವಿಧಾನ. 2003ರಲ್ಲಿ ಚಂದ್ರನಿಂದ ಪ್ರತಿಧ್ವನಿಸಿ ಬರುವ ಅಲೆಗಳಿಗೆ ‘ಜೆಟಿ-65’ ಎಂಬ ಇನ್ನೊಂದು. ಚಂದ್ರನಿರುವುದು ಸುಮಾರು 3,84,000 ಕಿಲೋಮೀಟರ್ ದೂರದಲ್ಲಿ. ಅಲ್ಲಿಗೆ ಹೋಗಿ ಬರಲು ಅಲೆಗೆ ಎರಡೂವರೆ ಸೆಕೆಂಡು ಹಿಡಿಯುತ್ತದೆ, ಅಷ್ಟರಲ್ಲಿ ಅದು ಇಲ್ಲವೆಂಬಷ್ಟು ಸೊರಗಿರುತ್ತದೆ. ಹಿಂದೆ ಇದಕ್ಕೆ ಭಾರಿ ಆಂಟೆನಾಗಳು ಬೇಕಾಗಿದ್ದವು. ಹೊಸ ವಿಧಾನದಿಂದ ಸಾಧಾರಣ ಸಲಕರಣೆಯವರಿಗೂ ಚಂದ್ರನ ದಾರಿ ತೆರೆಯಿತು.

2017ರಲ್ಲಿ ಟೇಲರ್ ಮತ್ತು ಸ್ಟೀವ್ ಫ್ರ್ಯಾಂಕ್ ಎಂಬ ಇಂಜಿನಿಯರು ಸೇರಿ ರಚಿಸಿದ ‘ಎಫ್‌ಟಿ-8’ ಹವ್ಯಾಸಿ ಲೋಕದಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿತು. ಹೆಸರಿನ ಅಕ್ಷರಗಳು ಅವರಿಬ್ಬರವು. 8 ಎಂಬುದು ಎಂಟು ಸ್ವರಗಳ ಗುರುತು. ಯಂತ್ರವು ಎಂಟು ಸ್ವರಗಳ ಸಣ್ಣ ಸಪ್ತಕವೊಂದನ್ನು ಬಳಸಿ 12.64 ಸೆಕೆಂಡುಗಳಲ್ಲಿ 79 ಸ್ವರಗಳನ್ನು ನುಡಿಸುತ್ತದೆ. ಮೂಲ ಸಂದೇಶದ ಗಾತ್ರ 77 ಬಿಟ್, ಎಂದರೆ 77 ಬಾರಿ ‘ಹೌದು’ ಅಥವಾ ‘ಇಲ್ಲ’ ಎನ್ನುವಷ್ಟು. ಅದಕ್ಕೆ ತಾಳೆ ನೋಡಲು 14 ಬಿಟ್, ತಪ್ಪು ತಿದ್ದಲು 83 ಬಿಟ್ ಸೇರಿ ಒಟ್ಟು 174 ಆಗುತ್ತದೆ. ಅರ್ಧಕ್ಕಿಂತ ಹೆಚ್ಚಿನ ಭಾಗ ಕಾವಲುಗಾರರದೇ. ಈ ಕಾವಲಿನ ಗಣಿತಕ್ಕೆ ತಳಹದಿ ಹಾಕಿದವನು 1960ರ ದಶಕದ ಆರಂಭದಲ್ಲಿ ರಾಬರ್ಟ್ ಗ್ಯಾಲಗರ್. ಅದನ್ನು ನಡೆಸಬಲ್ಲ ಗಣಕಯಂತ್ರಗಳು ಮನೆಮನೆಗೆ ಬಂದದ್ದು ಮಾತ್ರ ಹಲವು ದಶಕಗಳ ಅನಂತರ.

77 ಬಿಟ್‌ಗಳಲ್ಲಿ ಹಿಡಿಸುವುದಾದರೂ ಎಷ್ಟು? ಕರೆದವರ ಹೆಸರು, ಕರೆಸಿಕೊಂಡವರ ಹೆಸರು, ಒಂದು ಸ್ಥಳಸೂಚಿ. ಭೂಮಿಯನ್ನೆಲ್ಲ ಚೌಕಗಳಾಗಿ ವಿಂಗಡಿಸಿದ ಹವ್ಯಾಸಿಗಳ ನಕ್ಷೆಯಲ್ಲಿ ಬೆಂಗಳೂರೂ ಮೈಸೂರೂ ‘ಎಂಕೆ-82’ ಎಂಬ ಒಂದೇ ಚೌಕದಲ್ಲಿವೆ, ಮಂಗಳೂರು ‘ಎಂಕೆ-72’ರಲ್ಲಿದೆ. ಸ್ವಂತ ಮಾತು ಹೇಳಬೇಕೆಂದರೆ ಒಂದು ಬಾರಿಗೆ ಹದಿಮೂರು ಅಕ್ಷರಗಳು ಮಾತ್ರ. ಇಷ್ಟು ಮಿತವ್ಯಯಕ್ಕೆ ದೊರೆಯುವ ಪ್ರತಿಫಲ ದೊಡ್ಡದು. ಮನುಷ್ಯನ ಮಾತಿಗೆ ಬೇಕಾಗುವ 2,500 ಹರ್ಟ್ಸ್ ಅಗಲದ ಹಾದಿಯಲ್ಲಿರುವ ಗದ್ದಲದ ಸುಮಾರು 120ರಲ್ಲಿ ಒಂದು ಪಾಲಿನಷ್ಟು ಬಲವಿದ್ದರೂ ಸಂದೇಶ ಅಕ್ಷರ ಕೆಡದೆ ತಲಪುತ್ತದೆ. ಇದರಲ್ಲಿ ಮಾಯವೇನೂ ಇಲ್ಲ. ಎಫ್‌ಟಿ-8ರ ಸಂಕೇತ ಹಬ್ಬುವುದು 50 ಹರ್ಟ್ಸ್ ಅಗಲದಲ್ಲಿ ಮಾತ್ರ. ಆ ಸಣ್ಣ ಓಣಿಯ ಗದ್ದಲವೊಂದನ್ನೇ ಅದು ಎದುರಿಸಿದರೆ ಸಾಕು. ಉಳಿದದ್ದನ್ನು ನಿಧಾನವೂ ಕಾವಲೂ ಸಾಧಿಸುತ್ತವೆ. ಶ್ಯಾನನ್ ಹೇಳಿದ್ದೂ ಅದನ್ನೇ.

ಯಂತ್ರ ಎಡವುವ ಕಡೆಗಳು

ಹಾಗೆಂದು ಈ ವಿಧಾನ ಎಲ್ಲೆಡೆಯೂ ನಂಬಿಗಸ್ತವೆ? ಅಲ್ಲ. ಪ್ರಸಾರವು ಪ್ರತಿ ನಿಮಿಷದ ಆರಂಭಕ್ಕೆ, 15, 30, 45ನೆಯ ಸೆಕೆಂಡುಗಳಿಗೆ ಸರಿಯಾಗಿ ಮೊದಲಾಗಬೇಕು. ಗಣಕಯಂತ್ರದ ಗಡಿಯಾರ ಕೆಲವು ಸೆಕೆಂಡು ತಪ್ಪಿ ನಡೆಯುತ್ತಿದ್ದರೆ ಅಲೆ ಎಷ್ಟು ಬಲವಾಗಿದ್ದರೂ ತೆರೆಯ ಮೇಲೆ ಒಂದಕ್ಷರವೂ ಮೂಡದು. ಸಾಮಾನ್ಯವಾಗಿ ಗಡಿಯಾರವನ್ನು ತಿದ್ದಿಕೊಡುವುದು ಅಂತರ್ಜಾಲ. ಚಂಡಮಾರುತಕ್ಕೆ ಅದು ಕಡಿದುಬಿದ್ದರೆ ಉಪಗ್ರಹದಿಂದಲೋ ಬೇರೆ ಮೂಲದಿಂದಲೋ ಹೊತ್ತನ್ನು ಪಡೆಯುವ ಏರ್ಪಾಟು ಮೊದಲೇ ಇರಬೇಕು. ಇನ್ನು ಪ್ರಸಾರದ ಹೊತ್ತಿನಲ್ಲಿ ಪ್ರೇಷಕವು ಪೂರ್ಣ ಬಲದಿಂದ ಎಡೆಬಿಡದೆ ದುಡಿಯುತ್ತದೆ. ಮಾತಿಗೆಂದು ಮಾಡಿದ ಯಂತ್ರದ ಬಲವನ್ನು ತಗ್ಗಿಸಿಕೊಳ್ಳದಿದ್ದರೆ ಅದು ಕಾದು ಕೆಡಬಹುದು.

ಡಿಜಿಟಲ್ ವಿಧಾನಗಳಿಗೆಲ್ಲ ಸಾಮಾನ್ಯವಾದ ದೋಷ ಇನ್ನೊಂದು. ಬಾಯಿಮಾತು ಕ್ಷೀಣಿಸುವಾಗ ಮೆಲ್ಲಮೆಲ್ಲನೆ ಕ್ಷೀಣಿಸುತ್ತದೆ. ಕೇಳುವವನಿಗೆ ಎಚ್ಚರಿಕೆ ಸಿಗುತ್ತದೆ. ಡಿಜಿಟಲ್ ಸಂದೇಶ ಕೊನೆಯವರೆಗೂ ಚೊಕ್ಕಟವಾಗಿದ್ದು, ಒಂದು ಮಿತಿ ದಾಟಿದೊಡನೆ ಬಂಡೆಯ ಅಂಚಿನಿಂದ ಬಿದ್ದಂತೆ ಇಲ್ಲವಾಗುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಹುಸಿ ಸಂದೇಶದ ವಿಷಯ. 14 ಬಿಟ್‌ಗಳ ತಾಳೆಯ ಸಂಖ್ಯೆಯನ್ನು ಗದ್ದಲವೇ ಆಕಸ್ಮಿಕವಾಗಿ ಹೊಂದಿಸಿಬಿಡುವ ಸಂಭವ 16,384ರಲ್ಲಿ ಒಂದು. ಇದು ಅತ್ಯಲ್ಪವೆಂದು ತೋರುತ್ತದೆ. ಆದರೆ ಯಂತ್ರವು ಹದಿನೈದು ಸೆಕೆಂಡಿಗೊಮ್ಮೆ, ಹಗಲಿರುಳೂ, ಹಲವಾರು ಕಡೆ ಹುಡುಕುತ್ತಲೇ ಇರುತ್ತದೆ. ಆಗೊಮ್ಮೆ ಈಗೊಮ್ಮೆ, ಯಾರೂ ಕಳುಹಿಸದ ಸಂದೇಶವೊಂದು, ಎಲ್ಲಿಯೂ ಇಲ್ಲದ ನಿಲಯದ ಹೆಸರು ಹೊತ್ತು ತೆರೆಯ ಮೇಲೆ ಮೂಡುವುದುಂಟು. ಅನುಭವಿ ಹವ್ಯಾಸಿ ಅದನ್ನು ಕಂಡು ಹುಬ್ಬೇರಿಸಿ ಬಿಟ್ಟುಬಿಡುತ್ತಾನೆ. ಅನನುಭವಿ ಅಪರೂಪದ ದೇಶವೊಂದು ಸಿಕ್ಕಿತೆಂದು ಹಿಗ್ಗುತ್ತಾನೆ.

ಜೆಟಿ-65ರ ಕಾಲದಲ್ಲಿಯೇ ಈ ಕುರಿತು ಬಿಸಿಯಾದ ವಾದ ನಡೆಯಿತು. ಸಂಕೇತ ತೀರ ಕ್ಷೀಣವಾದಾಗ ಯಂತ್ರವು ಪರಿಚಿತ ಕರೆ ಸಂಕೇತಗಳ ಪಟ್ಟಿಯೊಂದನ್ನಿಟ್ಟುಕೊಂಡು “ಬಂದದ್ದು ಇವುಗಳಲ್ಲಿ ಯಾವುದನ್ನು ಹೋಲುತ್ತದೆ?” ಎಂದು ತುಲನೆ ಮಾಡುವ ಏರ್ಪಾಟು ಅದರಲ್ಲಿತ್ತು. ಇದು ಕೇಳುವುದಾಯಿತೆ, ಊಹಿಸುವುದಾಯಿತೆ ಎಂದು ಹಳಬರು ಆಕ್ಷೇಪಿಸಿದರು. ನುರಿತ ಮೋರ್ಸ್ ಕಿವಿಯೂ ಪರಿಚಿತ ಹೆಸರನ್ನು ಬೇಗ ಗುರುತಿಸುವುದಿಲ್ಲವೆ ಎಂದು ಇನ್ನು ಕೆಲವರು ಸಮರ್ಥಿಸಿದರು. ಮಾರ್ಕೋನಿಯ ಮೂರು ಚುಕ್ಕೆಗಳು ಮರಳಿ ಬಂದಂತಾಯಿತು. ಈ ವಾದಕ್ಕೆ ಒಂದು ಮಟ್ಟಿನ ಪರಿಹಾರವನ್ನು ಇಂದಿನ ತಂತ್ರಾಂಶವೇ ಒದಗಿಸುತ್ತದೆ: ಮೊದಲೇ ತಿಳಿದ ಸಂಗತಿಯ ನೆರವಿನಿಂದ ಓದಿದ ಸಂದೇಶದ ಪಕ್ಕದಲ್ಲಿ ಒಂದು ಗುರುತನ್ನೂ, ನಂಬಿಕೆ ಕಡಮೆಯಿದ್ದಾಗ ಪ್ರಶ್ನಾರ್ಥಕ ಚಿಹ್ನೆಯನ್ನೂ ಅದು ಇಡುತ್ತದೆ. ಟೆಲಿಪ್ರಿಂಟರ್ ಯಂತ್ರಕ್ಕೆ ಇಲ್ಲದಿದ್ದ ವಿನಯ ಇದು.

ಆಪತ್ಕಾಲದ ಪರೀಕ್ಷೆ

2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ, ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ತಂಡವೊಂದು ಭಾರತಿ ಪ್ರಸಾದ್ ಅವರ ನೇತೃತ್ವದಲ್ಲಿ ಅಂಡಮಾನಿನ ಪೋರ್ಟ್‌ಬ್ಲೇರಿನಲ್ಲಿ ಹವ್ಯಾಸಿ ಪ್ರಸಾರ ನಡೆಸುತ್ತಿತ್ತು. ದೂರವಾಣಿ ವ್ಯವಸ್ಥೆ ಕುಸಿದಾಗ ಹವ್ಯಾಸದ ಆ ನಿಲಯವೇ ದ್ವೀಪಕ್ಕೂ ಭೂಖಂಡಕ್ಕೂ ನಡುವೆ ಕ್ಷೇಮವಾರ್ತೆಗಳ ಸೇತುವೆಯಾಯಿತು. ಬಾಯಿಮಾತಿಗೆ ಬೇಕಾದದ್ದು ರೇಡಿಯೋ, ತಂತಿ, ಬ್ಯಾಟರಿ, ಮತ್ತು ಎದೆಗುಂದದ ಒಬ್ಬ ಮನುಷ್ಯ. ಗಣಕಯಂತ್ರ ಬೇಡ, ಸರಿಯಾದ ಗಡಿಯಾರ ಬೇಡ. ಭಯಗೊಂಡವನಿಗೆ ಸಮಾಧಾನ ಹೇಳುವುದು, ಉತ್ತರ ಕೇಳಿ ಪ್ರಶ್ನೆಯನ್ನು ಬದಲಿಸುವುದು ಬಾಯಿಮಾತಿಗೆ ಮಾತ್ರ ಸಾಧ್ಯ.

2017ರಲ್ಲಿ ಮರಿಯಾ ಚಂಡಮಾರುತ ಪೋರ್ಟೊರಿಕೊ ದ್ವೀಪದ ವಿದ್ಯುತ್ತನ್ನೂ ದೂರವಾಣಿಯನ್ನೂ ಕೆಡಹಿದಾಗ ಕೆಲಸ ಬೇರೆ ಬಗೆಯದಾಗಿತ್ತು. ಅಮೆರಿಕದ ರೆಡ್‌ಕ್ರಾಸ್ ಸಂಸ್ಥೆಯ ಕೋರಿಕೆಯ ಮೇರೆಗೆ ಹವ್ಯಾಸಿಗಳು ಅಲ್ಲಿಗೆ ತೆರಳಿದರು. ಬದುಕುಳಿದವರ ಹೆಸರುಗಳ ಪಟ್ಟಿಗಳು ಹೊರಗೆ ಹೋಗಬೇಕಾಗಿತ್ತು. ನೂರಾರು ಹೆಸರುಗಳನ್ನು ಒಂದೊಂದೇ ಅಕ್ಷರ ಬಿಡಿಸಿ ಬಾಯಿಂದ ಹೇಳುವುದು ದಣಿವಿನ ಕೆಲಸ. ದಣಿದ ನಾಲಗೆಯೂ ದಣಿದ ಕಿವಿಯೂ ತಪ್ಪುತ್ತವೆ. ಒಂದು ಹೆಸರು ತಪ್ಪಿದರೆ ಎಲ್ಲಿಯೋ ಒಂದು ಮನೆಯಲ್ಲಿ ದೀಪ ಹಚ್ಚದೆ ಕಾಯುತ್ತಿರುತ್ತಾರೆ. ಇಂತಹ ಕೆಲಸಕ್ಕೆ ಹೊಂದುವುದು ‘ವಿನ್‌ಲಿಂಕ್’ ಎಂಬ ರೇಡಿಯೋ ಅಂಚೆ. ಅದು ಮೊದಲನೆಯ ದಾರಿಯದು: ಪೊಟ್ಟಣ ಕಟ್ಟು, ತಾಳೆ ನೋಡು, ತಪ್ಪಿದ್ದರೆ ಮತ್ತೊಮ್ಮೆ ಕೇಳು. ಪಟ್ಟಿಯು ದೂರದ ನಿಲಯವನ್ನು ಅಕ್ಷರಶಃ ತಲಪುತ್ತದೆ, ಇಲ್ಲವೆ ತಲಪಲಿಲ್ಲವೆಂದು ಕಳುಹಿಸಿದವನಿಗೆ ಗೊತ್ತಾಗುತ್ತದೆ. ಇಂತಹ ಪಟ್ಟಿಗೆ ಎಫ್‌ಟಿ-8ರ ಹದಿಮೂರು ಅಕ್ಷರ ಯಾವ ಮೂಲೆಗೂ ಸಾಲದು. ಅದು ದಾರಿ ತೆರೆದಿದೆಯೆ ಎಂದು ನೋಡಲು ಒಳ್ಳೆಯ ಕೋಲು. ಹೊರೆ ಹೊರುವ ಗಾಡಿಯಲ್ಲ.

ಮೂರನೆಯ ಬಗೆಯೂ ಒಂದುಂಟು. 2019ರ ಏಪ್ರಿಲ್ 1ರಂದು ಇಸ್ರೋ ಹಾರಿಸಿದ ಪಿಎಸ್‌ಎಲ್‌ವಿ-ಸಿ45 ರಾಕೆಟ್ಟಿನ ಕೊನೆಯ ಹಂತದಲ್ಲಿ ಭಾರತೀಯ ಹವ್ಯಾಸಿಗಳ ಪುಟ್ಟ ಉಪಕರಣವೊಂದನ್ನು ಇರಿಸಲಾಗಿತ್ತು. ನೆಲದ ನಿಲಯಗಳು ಕಳುಹಿಸಿದ ಚಿಕ್ಕ ಪೊಟ್ಟಣಗಳನ್ನು ಕೇಳಿ ಮತ್ತೆ ಪ್ರಸಾರ ಮಾಡುವುದು ಅದರ ಕೆಲಸ. ಇಂತಹ ಸ್ಥಾನಸೂಚನೆಯ ಸಂದೇಶಗಳಿಗೆ ಸಾಮಾನ್ಯವಾಗಿ ಯಾರೂ ಉತ್ತರ ಕೊಡುವುದಿಲ್ಲ. ತಪ್ಪಿದ ಪೊಟ್ಟಣ ಬಿದ್ದುಹೋಗುತ್ತದೆ, ಮುಂದಿನದು ಬರುತ್ತದೆ. ನಡೆಯುವ ವಾಹನ ಎಲ್ಲಿದೆ ಎಂದು ತಿಳಿಯಲು ಇಷ್ಟು ಸಾಕು, ಹಳೆಯ ಸುದ್ದಿಗಿಂತ ಹೊಸ ಸುದ್ದಿಯೇ ಅಲ್ಲಿ ಬೇಕಾದದ್ದು.

ಹೀಗೆ ಯಾವ ವಿಧಾನ ನಂಬಿಗಸ್ತ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಏನನ್ನು ಕಳುಹಿಸಬೇಕು, ತಪ್ಪಿದರೆ ನಷ್ಟವೇನು, ಮತ್ತೆ ಕೇಳಲು ಅವಕಾಶವಿದೆಯೆ ಎಂಬ ಮೂರು ಪ್ರಶ್ನೆಗಳನ್ನು ಮೊದಲು ಕೇಳಬೇಕು. ಆದರೆ ಒಳ್ಳೆಯ ವಿಧಾನಗಳಿಗೆಲ್ಲ ಒಂದು ಗುಣ ಸಮಾನವಾಗಿದೆ: ಸಂದೇಶವನ್ನು ಪೂರ್ಣವಾಗಿ ಒಪ್ಪಿಸುತ್ತವೆ, ಇಲ್ಲವಾದರೆ ತಿಳಿಯಲಿಲ್ಲವೆನ್ನುತ್ತವೆ. ಅರೆತಿಳಿದುದನ್ನು ಪೂರ್ಣವೆಂದು ಸಾಗಹಾಕುವುದಿಲ್ಲ.

ತಂತಿಯ ಕಾಲದಿಂದ ಬಂದ ಒಂದು ಸಣ್ಣ ರೂಢಿ ಇದಕ್ಕೆ ಆಧಾರವಾಗಿದೆ. ಮೋರ್ಸ್ ಬಳಸುವವನು ಸಂದೇಶ ಕೈಸೇರಿದೊಡನೆ ‘ಆರ್’ ಎಂಬ ಅಕ್ಷರವನ್ನು ಬಾರಿಸುತ್ತಿದ್ದನು. ‘ಮುಟ್ಟಿತು’ ಎಂದು ಅದರ ಅರ್ಥ. ಎಫ್‌ಟಿ-8ರ 77 ಬಿಟ್‌ಗಳ ಜಿಪುಣ ಲೆಕ್ಕದಲ್ಲಿ ಊರಿನ ಹೆಸರಿಗೂ ಹವೆಯ ವಿಚಾರಕ್ಕೂ ಜಾಗವಿಲ್ಲ. ಆದರೂ ಒಂದು ಬಿಟ್ಟನ್ನು ಆ ‘ಆರ್’ಗೆಂದೇ ಮೀಸಲಿಟ್ಟಿದ್ದಾರೆ. ಇಬ್ಬರೂ ಅದನ್ನು ಹೇಳಿ, ಇಬ್ಬರೂ ಅದನ್ನು ಕೇಳಿಸಿಕೊಂಡ ಬಳಿಕವೇ ಹವ್ಯಾಸಿಯು ಆ ಸಂಪರ್ಕವನ್ನು ತನ್ನ ದಿನಚರಿಯ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ.